ಓದು ಬಾರದವಳ ಚಾಳೀಸು

ಇವತ್ತು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿದೆ. ನಾನೇ, ಒಂದೇ ಸಲಕ್ಕೆ! ಸಂತೋಷ ತಡೆಯಲಾರದೆ ಹೊರಗೆ ಓಡಿಬಂದು ಸೂಜಿ ಎತ್ತಿ ಹಿಡಿದು ಓಣಿಗೆಲ್ಲ ತೋರಿಸಿದೆ. ನನ್ನ ಮೂಗಿನ ಮೇಲೆ ಚಾಳೀಸು ಬಂದಿದೆ. ಹತ್ತಿರದ್ದು ಕಾಣಲಿಕ್ಕೆ ಹಾಕುತ್ತಾರಲ್ಲ, ಆ ಕನ್ನಡಕ. ಹಾಕಿದವಳು ನನ್ನ ಮಗನ ಮಗಳು.

ನಾವು ಬೆಳಗಾವಿ ಕಡೆಯವರು. ಮಗ ಗಾರೆ ಕೆಲಸಕ್ಕೆ ಪುಣೆಗೆ ಬಂದ, ಬೆನ್ನಿಗೇ ನಾವೂ ಬಂದೆವು. ಕೊಂಢವಾ ದಾಟಿ, ಬಸ್ಸು ತಿರುಗಿ ಹೋಗುವಲ್ಲಿಂದ ಇನ್ನೂ ಮುಂದೆ ಗುಡ್ಡದ ಬುಡದಲ್ಲಿ ನಾವೀಗ ಇರುವ ಹಳ್ಳಿ. ಮೊಬೈಲ್ ರಿಪೇರಿ ಅಂಗಡಿ ಇದೆ, ಕೇಕಿನ ಅಂಗಡಿ ಇದೆ, ಚಾಳೀಸು ಮಾತ್ರ ಸಿಗುವುದಿಲ್ಲ. ಅದಕ್ಕೆ ಯಾರಾದರೂ ಕೂಲಿ ಬಿಟ್ಟು ಪೇಟೆಗೆ ಕರೆದೊಯ್ಯಬೇಕು. ಮುದುಕಿಯ ಕಣ್ಣಿಗೆ ಯಾರು ಕೂಲಿ ಬಿಡುತ್ತಾರೆ?

ಮೊಮ್ಮಗಳು ಈಗ ಬಸುರಿ. ಮದುವೆಯಾದದ್ದೂ ಇದೇ ಊರಿಗೆ. ಮೊದಲ ಕೂಸು ಬಸುರಿಯ ಅಜ್ಜಿ ಹೊಲಿದ ಕೌದಿಯ ಮೇಲೆ ಮಲಗಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಹಳೆಯ ಸೀರೆ, ಧೋತರದ ತುಂಡುಗಳನ್ನೆಲ್ಲ ಕೂಡಿಸಿದೆ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಕಣ್ಣು ಕೈಕೊಟ್ಟವು. ಹೊಲಿಗೆಯ ಸಾಲು ಒಂದರ ಮೇಲೊಂದು ಹತ್ತಿದವು, ಬೆರಳಿಗೆ ಚುಚ್ಚಿ ರಕ್ತ ಕೂಸಿನ ಬಟ್ಟೆಗೆ ತಾಗಿತು. ಥೂ ಎಂದು ಸುತ್ತಿಟ್ಟೆ.

ಓಣಿಗೆಲ್ಲ ಒಂದೇ ಚಾಳೀಸು ಇತ್ತು, ತೀರಿಹೋದ ಮುದುಕನೊಬ್ಬನದು. ಅಕ್ಕಿ ಆರಿಸುವವರಿಗೂ ಅದೇ, ಮಕ್ಕಳ ತಲೆಯ ಹೇನು ತೆಗೆಯುವವರಿಗೂ ಅದೇ. ಮೂಗಿಗೆ ತಾಗುವಲ್ಲಿ ಹಸಿರು ಕಿಲುಬು, ಕಡ್ಡಿಗೆ ಎಣ್ಣೆಯ ಜಿಡ್ಡು, ಜಿಡ್ಡಿಗೆ ಯಾರದೋ ಕೂದಲು. ಹಾಕಿಕೊಂಡರೆ ಓಣಿಯವರೆಲ್ಲರ ಬೆವರು ಮೂಗಿಗೆ ಬಡಿಯುತ್ತಿತ್ತು. ಅದರಲ್ಲೂ ಸೂಜಿ ಕಾಣಲಿಲ್ಲ.

ಅದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಹೋದ ಚಳಿಗಾಲದಲ್ಲಿ ಯಾರೋ ಪುಢಾರಿಯ ಹುಟ್ಟುಹಬ್ಬಕ್ಕೆ ಶಾಲೆಯ ಅಂಗಳದಲ್ಲಿ ಪುಕ್ಕಟೆ ಕಣ್ಣಿನ ಶಿಬಿರ. ಬ್ಯಾನರಿನಲ್ಲಿ ಅವನ ಮುಖ ನಮ್ಮ ಮನೆಯ ಬಾಗಿಲಿಗಿಂತ ದೊಡ್ಡದು. ಬಿಸಿಲಲ್ಲಿ ಕಾದು ಕಾದು ನನ್ನ ಪಾಳಿ ಬಂತು. ಮೇಜಿನ ಹಿಂದಿದ್ದವನು ತಲೆ ಎತ್ತದೆ, “ಆಜಿ, ವಾಚತಾ ಯೇತಂ ಕಾ?” ಅಂದ. ಓದಲು ಬರುತ್ತದೆಯೇ ಅಂತ.

ಮರಾಠಿ ಓದಲು ಬಾರದು ಎಂದೆ. ಕನ್ನಡದಲ್ಲಿ ಮೂರನೆಯ ಇಯತ್ತೆ ಕಲಿತಿದ್ದೇನೆ ಎನ್ನುವಷ್ಟರಲ್ಲಿ, “ಮಗ ಚಶ್ಮಾ ಕಶಾಲಾ?” ಎಂದು ನಕ್ಕ. ಹಾಗಾದರೆ ಚಸ್ಮಾ ಯಾತಕ್ಕೆ ಅಂತೆ! ಸುತ್ತಲಿನವರೂ ನಕ್ಕರು. ನನ್ನ ಹಿಂದಿದ್ದವನು, ಹೆಬ್ಬೆಟ್ಟು ಒತ್ತುವವನೇ, “ಯೇತಂ, ಯೇತಂ”, ಬರುತ್ತದೆ ಬರುತ್ತದೆ ಎಂದು ತಲೆಯಾಡಿಸಿ ಒಂದು ಗಿಟ್ಟಿಸಿಕೊಂಡ, ಪುಢಾರಿಯ ಪಕ್ಕ ನಿಂತು ಫೋಟೋನೂ ತೆಗೆಸಿಕೊಂಡ. ಆ ಚಾಳೀಸು ಈಗ ಅವನ ಮನೆಯ ಗೂಟಕ್ಕೆ ನೇತಾಡುತ್ತಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಓದಿದವರ ಹಲ್ಲಿಗೆ ಮಾತ್ರ ಅನ್ನದ ಕಲ್ಲು ಸಿಗುತ್ತದೆಯೇ?

ಮನೆಗೆ ಬಂದರೆ ಮಗ, “ಇರ್ಲಿ ಬಿಡವ್ವಾ. ಈಗ ಯಾರ ಕೌದಿ ಹಾಸ್ತಾರ? ಅಂಗಡ್ಯಾಗ ಗೊಂಬಿ ಚಿತ್ರದ ರಗ್ಗು ಸಿಗ್ತಾವ,” ಅಂದ. ಆ ದಿನ ಅವನ ಮುಖ ನೋಡಲೂ ಬೇಸರವಾಯಿತು.

ಮನೆಮನೆಗೆ ಹೋಗಿ ಕಣ್ಣು ನೋಡಿ ಚಾಳೀಸು ಕೊಡುವುದನ್ನು ಯಾವುದೋ ಸಂಸ್ಥೆಯವರು ಹಳ್ಳಿಯ ಹೆಂಗಸರಿಗೆ ಕಲಿಸುತ್ತಾರೆಂದು ಗೊತ್ತಾದಾಗ ಮೊಮ್ಮಗಳು ಹೆಸರು ಕೊಟ್ಟಳು. ಇವತ್ತು ಚಾಳೀಸಿನ ಪೆಟ್ಟಿಗೆ ಹಿಡಿದು ಮೊದಲು ನನ್ನ ಹತ್ತಿರವೇ ಬಂದಳು.

“ನನಗ ಇವರ ಅಕ್ಷರಾ ಬರೂದಿಲ್ಲ ನೋಡವಾ,” ಎಂದು ಮೊದಲೇ ಹೇಳಿಬಿಟ್ಟೆ.

“ಅಕ್ಷರಾ ಯಾರ ಕೇಳ್ಯಾರ? ಸುಮ್ಕ ಕೂಡ ಆಯಿ. ಈ ಹಾಳಿ ಮ್ಯಾಲಿನ ಗೆರಿ ಯಾ ಕಡೆ ಬಾಯಿ ತಗದೈತಿ, ಕೈ ಮಾಡಿ ತೋರ್ಸು.”

ಒಂದು ಹಾಕಿದಳು, ಬರೀ ಮಂಜು. ತೆಗೆದು ಇನ್ನೊಂದು ಹಾಕಿದಳು.

“ಈಗೇನ ಕಾಣಾಕತ್ತೈತಿ?”

“ನಿನ್ನ ಮಾರಿ ಮ್ಯಾಲೆ ಬಂಗು ಬಿದ್ದೈತಿ.”

“ಛೀ, ತಗಿ ಚಸ್ಮಾ!” ಎಂದು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಸೂಜಿ ಕೈಗೆ ಕೊಟ್ಟಳು.

ದಾರ ಹಾಕಿ ಕೌದಿ ಬಿಚ್ಚಿ ನೋಡಿದರೆ ನನ್ನ ಹೊಲಿಗೆಗೆ ನನಗೇ ಅಸಹ್ಯ. ಸೊಟ್ಟ ಸಾಲೆಲ್ಲ ಕಿತ್ತು ಹೊಸದಾಗಿ ಹಾಕಿದೆ. ಸಂಜೆ ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಕೈಯಷ್ಟು ಮೂಲೆ ಉಳಿದಿತ್ತು. ಅದನ್ನು ಮುಚ್ಚುವ ಮುಂಚೆ ಒಳಗೆ ರೊಟ್ಟಿಯ ಚೂರು ಇಡುತ್ತೇವೆ, ಕೌದಿ ಹಸಿದಿರಬಾರದು. ಮಗ ಕೇಳದೆಯೇ ಬಿಸಿ ರೊಟ್ಟಿ ಮುರಿದು ಕೊಟ್ಟ. ಇಟ್ಟು, ಹೊಲಿದು, ದಾರ ಕಡಿದೆ.

ಆಮೇಲೆ ಎಲ್ಲರೂ ಕೂಡಿ ಉಣ್ಣಲು ಕೂತೆವು. ಚಾಳೀಸು ತೆಗೆಯುವ ಮನಸ್ಸಾಗಲಿಲ್ಲ. ತಾಟಿಗೆ ಬಾಗಿದರೆ ಬದನೆಕಾಯಿ ಪಲ್ಯದಲ್ಲಿ ಉದ್ದಕ್ಕೆ ಮಲಗಿದ ಹುಳ.

“ಇದರಾಗ ಹುಳಾ ಐತಲ್ಲವಾ,” ಎಂದು ಸೊಸೆಗೆ ತೋರಿಸಿದೆ.

ಮಗ ಬಾಯಿಯ ತುತ್ತು ಬಾಯಲ್ಲೇ ನಿಲ್ಲಿಸಿ, “ಅಂದ್ರ ಇಷ್ಟ ದಿನಾ?” ಅಂದ.

“ಇಷ್ಟ ದಿನಾ ಯಾರಿಗೂ ಕಾಣ್ತಿರಲಿಲ್ಲ, ಸುಖಾ ಇತ್ತ,” ಎಂದಳು ಸೊಸೆ. ಮೊಮ್ಮಗಳು ನಗುತ್ತ ಪಲ್ಯದ ಪಾತ್ರೆ ನನ್ನ ಮುಂದೆ ಸರಿಸಿದಳು. ಹೋಳು ಹೋಳೇ ನೋಡಿ ಎಲ್ಲರಿಗೂ ಬಡಿಸಿದೆ. ಹೊಟ್ಟೆ ತುಂಬ ಉಂಡೆವು.