ಮುಕ್ಕುಂದದಲ್ಲಿ ನೀರು ಬಿಟ್ಟಿದ್ದು

೧೯೭೫ರ ಮುಂಗಾರಿನಲ್ಲಿ ನಾನು ಸಿಂಧನೂರು ಬ್ಲಾಕಿನಲ್ಲಿ ಕೃಷಿ ವಿಸ್ತರಣಾಧಿಕಾರಿಯಾಗಿದ್ದೆ. ಬೆಳೆಗೆ ಹುಳು ಬಿದ್ದರೆ, ರೋಗ ಬಂದರೆ, ಕಳೆ ಮೀರಿದರೆ ಹೋಗಿ ನೋಡಿ ರೈತರಿಗೆ ಉಪಾಯ ಹೇಳುವುದು ನನ್ನ ಕೆಲಸ. ನಾನು ಮಂಡ್ಯ ಕಡೆಯವನು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನನ್ನ ಸೈಕಲ್ಲಿಗೆ ಬೆಲ್ ಬೇಕಿಲ್ಲ, ಬಾಯಿಯೇ ಸಾಕು ಎಂದು ಕಚೇರಿಯಲ್ಲಿ ಛೇಡಿಸುತ್ತಿದ್ದರು.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆ ತಾಲ್ಲೂಕಿನ ಬಣ್ಣವೇ ಬದಲಾಗಿತ್ತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಒಂದೊಂದಾಗಿ ನೆಲ್ಲಿನ ಗದ್ದೆಗಳಾಗುತ್ತಿದ್ದವು. ಐಆರ್-೮ ಎಂಬ ಗಿಡ್ಡ ತಳಿ ಬಂದಿತ್ತು, ಜೊತೆಗೆ ಯೂರಿಯಾ ಗೊಬ್ಬರ. ತೆನೆ ನೋಡಿದರೆ ಕಣ್ಣು ತುಂಬುತ್ತಿತ್ತು. ಅದೇ ಹಸಿರಿನ ಬುಡದಲ್ಲಿ ಆ ವರ್ಷ ಕಂದು ಜಿಗಿಹುಳು ಸೇರಿಕೊಂಡಿತು.

ಇದು ಅಕ್ಕಿಕಾಳಿಗಿಂತ ಸಣ್ಣದು. ಎಲೆ ತಿನ್ನುವುದಿಲ್ಲ, ತೆನೆ ಕಡಿಯುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ದಂಟಿನ ಬುಡಕ್ಕೆ ಅಂಟಿಕೊಂಡು ರಸ ಹೀರುತ್ತದೆ. ಬದುವಿನ ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಗದ್ದೆಯ ನಡುವೆ ದುಂಡಗೆ ಒಂದು ಜಾಗ ಸುಟ್ಟಂತೆ ಒಣಗಿರುತ್ತದೆ, ಆಮೇಲೆ ಆ ದುಂಡು ದಿನದಿನಕ್ಕೆ ಅಗಲವಾಗುತ್ತದೆ. ನೆರಳು, ತೇವ, ನಿಂತ ನೀರು ಇದ್ದಲ್ಲಿ ಈ ಹುಳಕ್ಕೆ ಹಬ್ಬ. ಹಾಗಾಗಿ ಮೊದಲ ಮದ್ದು ಗದ್ದೆಯ ನೀರನ್ನು ಪೂರ್ತಿ ಬಸಿದು ಹಾಕುವುದು. ನಂತರ ಸಾಲುಗಳನ್ನು ಬಿದಿರಿನ ಗಳದಿಂದ ಅಕ್ಕಪಕ್ಕ ಸರಿಸಿ ಬುಡಕ್ಕೆ ಗಾಳಿ ಬಿಸಿಲು ಬೀಳಿಸಬೇಕು, ಆ ಬುಡಕ್ಕೇ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ ಹೊಡೆಯಬೇಕು. ಪುಡಿ ಆಗ ಬೇಕಾದಷ್ಟು ಸಿಗುತ್ತಿರಲಿಲ್ಲ. ನೀರು ಬಸಿಯುವುದೊಂದೇ ಎಲ್ಲರ ಕೈಯಲ್ಲಿದ್ದ ಉಪಾಯ.

ನಾನು ಒಬ್ಬ, ಹಳ್ಳಿಗಳು ಹಲವು. ಹೊಲದಲ್ಲಿನ ನೀರು ಹೊರಗೆ ಬಿಡಬೇಕು ಎಂದು ಹಳ್ಳಿಹಳ್ಳಿಗೂ ಹೇಳಿ ಕಳಿಸಿದೆ. ಆ ಮಾತು ಬಾಯಿಂದ ಬಾಯಿಗೆ ದಾಟಿ ಮುಕ್ಕುಂದ ಮುಟ್ಟಿ, ಅಲ್ಲಿ ಡಂಗುರವಾಯಿತು. ಮರುದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋದೆ. ಗದ್ದೆಯ ಒಂದೊಂದು ಮಡಿಯಲ್ಲೂ ನೀರು ಬದುವಿನ ಅಂಚಿಗೆ ತುಳುಕುತ್ತಿತ್ತು. ಕಾಲುವೆಯ ತೂಬಿನಿಂದ ಇನ್ನೂ ಹರಿದು ಬರುತ್ತಲೇ ಇತ್ತು.

ಮೊದಲು ಸಿಕ್ಕ ಗದ್ದೆಯಲ್ಲಿ ಒಬ್ಬ ಹೆಂಗಸು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹೆಸರು ಶರಣಮ್ಮ. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದ, ಹೊಲ ನೋಡಿಕೊಳ್ಳುವವಳು ಈಕೆ. ನಾನು ಸೈಕಲ್ ಎಸೆದು ಕೂಗಾಡಿದೆ. "ಏನಮ್ಮ, ಬೆಳೆ ಉಳಿಸಿಕೊಳ್ಳೋ ಮನಸ್ಸಿಲ್ವಾ? ಹೇಳಿದ್ದೇನು, ಮಾಡಿರೋದೇನು?"

ಆಕೆ ಹೆದರಲಿಲ್ಲ. "ನೀವ ಹೇಳಿ ಕಳಿಸೀರಲ್ರಿ ಸಾಹೇಬ್ರ, ಹುಳ ಬಂದಾವ, ನೀರು ಬಿಡ್ರಿ ಅಂತ. ಬಿಟ್ಟೀವಿ. ಸುಟ್ಟ ಪೈರಿಗೆ ನೀರು ಬೇಕಾಗೇತಿ ಅಂತ ನಮಗೂ ಖರೆ ಅನಿಸ್ತು."

ತಪ್ಪು ಎಲ್ಲಾಗಿದೆ ಎಂದು ಆಗ ಗೊತ್ತಾಯಿತು. ಆ ಸೀಮೆಯಲ್ಲಿ 'ನೀರು ಬಿಟ್ಟಾರ' ಎಂದರೆ ಕಾಲುವೆಗೆ ನೀರು ಬಂತು ಎಂದೇ ಅರ್ಥ. ಆ ಮಾತು ಕೇಳಿದರೆ ಊಟ ಅರ್ಧಕ್ಕೆ ಬಿಟ್ಟು ಸಲಿಕೆ ಹಿಡಿದು ಓಡುವ ಜನ ಅವರು. ಇದ್ದ ನೀರನ್ನು ಹೊರಗೆ ಬಿಡುವುದೂ ಒಂದುಂಟು ಎಂದು ಅವರಿಗೆ ಯಾಕಾದರೂ ಹೊಳೆಯಬೇಕು? ಬಾಯಿಂದ ಬಾಯಿಗೆ ದಾಟುವಾಗ 'ಹೊರಗೆ' ಎಂಬುದು ಉದುರಿಹೋಗಿ, ಡಂಗುರ ಸಾರುವವನೂ ತನಗೆ ಗೊತ್ತಿದ್ದ ಮಾತನ್ನೇ ಸಾರಿದ್ದ. ಇಡೀ ಊರು ನನ್ನ ಮಾತು ಪಾಲಿಸುತ್ತೇವೆಂದು ಹುಳಕ್ಕೆ ನೀರೆರೆದು ಕೂತಿತ್ತು.

ಶರಣಮ್ಮನಿಗೆ ನಿಜ ತಿಳಿಸಿದೆ. "ಮನ್ಯಾಗ ಮಾತು ಆಗೇತ್ರಿ. ಈ ಪೀಕು ಕೈ ಕೊಟ್ರ ಹೊಲ ಪಾಲಿಗೆ ಹಾಕಿ ಹಟ್ಟಿ ಕ್ವಾರ್ಟರ್ಸಿಗೆ ಹೋಗಾಕ ಬೇಕು. ನಂಗ ಅಲ್ಲಿ ಆ ಎರಡು ಖೋಲಿಯೊಳಗ ಜೀವ ನಿಲ್ಲಂಗಿಲ್ರಿ" ಎಂದಳು. ಸಲಿಕೆ ತರಲು ತಿರುಗಿದಳು.

ಅಷ್ಟರಲ್ಲಿ ಅವಳ ಮಾವ ಅಮರಪ್ಪ ಬಂದು, ವಿಷಯ ಕೇಳಿದವರೇ, ನೀರು ಹೊರಹೋಗುವ ಮಡಿಯ ಬಾಯಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ತುಂಬಿದ ಮಡಿ ಒಡಿಯೋದಂದ್ರ ಉಣ್ಣಾಕ ಕುಂತಾವ್ನ ಗಂಗಾಳ ಬೋರಲ ಹಾಕಿದಂಗ. ನಾ ಏಳಂಗಿಲ್ಲ."

ಕಾಲುವೆಯ ತೂಬು ನೋಡಿಕೊಳ್ಳುವ ನೌಕರನಿಗೆ ಅಲ್ಲಿ ಲಸ್ಕರ ಎನ್ನುತ್ತಾರೆ. ಮಹಬೂಬ ಎಂಬ ಆ ಲಸ್ಕರನೂ ಗಲಾಟೆ ಕೇಳಿ ಬಂದ. ಅವನ ಮಾತು ಬೆಂಕಿಗೆ ತುಪ್ಪ ಸುರಿಯಿತು. "ಈ ಸಲದ ನೀರಿನ ಪಾಳಿ ಇವತ್ತಿಗೆ ಮುಗೀತೈತಿ. ಈಗ ಹೊರಗ ಹಾಕಿದ್ರ ಮುಂದಿನ ಪಾಳಿ ತನಕ ಒಂದು ಹನಿ ಸಿಗಂಗಿಲ್ರಿ ಸಾಹೇಬ್. ನನ್ನ ಕೈಯಾಗ ಏನೂ ಇಲ್ಲ. ಆ ಪಾಳಿ ತಡ ಆದ್ರೂ ಆತು."

ಪೈರು ಹಾಲುಗಾಳಿನ ಹಂತದಲ್ಲಿತ್ತು. ನೀರು ತೀರಾ ತಡವಾದರೆ ಕಾಳು ತುಂಬದೆ ಜೊಳ್ಳಾಗುತ್ತದೆ. ಮುದುಕರ ಭಯ ಸುಳ್ಳಲ್ಲ. ನೀರಾವರಿ ಇಲಾಖೆ ಬೇರೆ, ನನ್ನ ಇಲಾಖೆ ಬೇರೆ. ಬೇಕಾದರೆ ನೀರು ತರಿಸಿಕೊಡುತ್ತೇನೆ ಎಂದು ಜಂಬ ಕೊಚ್ಚಬಹುದಿತ್ತು, ನಾಲಿಗೆಯ ತುದಿಗೂ ಬಂತು. ನುಂಗಿಕೊಂಡೆ. "ಅಮರಪ್ಪನವರೇ, ನೀರಿನ ಖಾತ್ರಿ ನಾನು ಕೊಡಲಾರೆ. ಒಂದು ಮಾತ್ರ ಹೇಳ್ತೀನಿ, ಈ ನೀರು ಹೀಗೇ ನಿಂತರೆ ಬೆಳೆ ಉಳಿಯಲ್ಲ" ಎಂದೆ.

"ಹುಳ ಎಲ್ಲೈತಿ? ನನಗ ಕಾಣಂಗಿಲ್ಲ" ಎಂದರು. ಅವರ ಕಣ್ಣು ಮಂಜಾಗಿದ್ದವು. ಶರಣಮ್ಮ ಅವರ ಮುಂಗೈ ಹಿಡಿದು ಪಕ್ಕದ ಪೈರಿನ ಬುಡಕ್ಕೆ ಇಳಿಸಿದಳು. ಮುದುಕರು ಕೈ ಎಳೆದುಕೊಂಡರು. ಮೊಣಕೈವರೆಗೆ ಹುಳ ಹತ್ತಿ ಜಿಗಿಯುತ್ತಿದ್ದವು. ಅವರು ಕೈ ಝಾಡಿಸಿದರು, ಧೋತರಕ್ಕೆ ಒರೆಸಿಕೊಂಡರು, ಮತ್ತೆ ಝಾಡಿಸಿದರು. ಆದರೂ ಕೂತ ಜಾಗ ಬಿಡಲಿಲ್ಲ.

"ಅದಾವ, ಖರೆ. ಆದ್ರ ಹೋದ ನೀರು ಯಾರು ಕೊಡ್ತಾರ?" ಎಂದರು.

ಶರಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಲಿಕೆ ಎತ್ತಿಕೊಂಡಳು. ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು ಆಕೆ ಎಂದು ಆಮೇಲೆ ಊರವರು ಹೇಳಿದರು. "ಮಾವಾ, ಏಳ್ರಿ. ಜೊಳ್ಳು ಆದ್ರ ನನ್ನ ಬೈರಿ, ಸುಟ್ಟು ಹೋದ್ರ ಯಾರಿಗೆ ಬೈತೀರಿ? ಏಳ್ರಿ."

ಅವರು ಎದ್ದರು. ಆಕೆ ಬದು ಕಡಿದಳು. ಕೆಂಪು ನೀರು ಬಸಿಗಾಲುವೆಗೆ ನುಗ್ಗಿದ ಸದ್ದಿಗೆ ಅಮರಪ್ಪ ಮುಖ ತಿರುಗಿಸಿದರು. ಅದನ್ನು ನೋಡಿ ಅಕ್ಕಪಕ್ಕದವರು ಕೆಲವರು ತಮ್ಮ ಮಡಿ ಒಡೆದರು. ಕೆಲವರು ನೋಡೋಣ ಎಂದು ಕಾದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಸಾಲು ಸರಿಸಿದೆವು, ಇದ್ದಷ್ಟು ಪುಡಿಯನ್ನು ಸುಟ್ಟ ಜಾಗದ ಸುತ್ತ ಬುಡಕ್ಕೆ ಹೊಡೆದೆವು. ದುಂಡುಗಳು ಅಗಲವಾಗುವುದು ನಿಂತಿತು. ಆದರೆ ಎರೆನೆಲ ಬಿರುಕು ಬಿಡತೊಡಗಿತು, ಮತ್ತು ಕಾಲುವೆಯ ಪಾಳಿ ನಿಜಕ್ಕೂ ತಡವಾಯಿತು. ನಾನು ದಿನಾ ಮುಕ್ಕುಂದಕ್ಕೆ ಹೋಗುತ್ತಿದ್ದೆ. ಮಾಡುವ ಕೆಲಸ ಏನೂ ಇರಲಿಲ್ಲ. ಅಮರಪ್ಪನವರ ಪಕ್ಕದಲ್ಲಿ ಬದುವಿನ ಮೇಲೆ ಕೂತು ತೂಬಿನ ಕಡೆ ನೋಡುತ್ತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಮಹಬೂಬ ಕಾಲುವೆ ಏರಿಯ ಮೇಲೆ ಟವಲ್ ಬೀಸುತ್ತಾ ಓಡಿ ಬಂದ. ನೀರು ಬಂದಿತ್ತು. ಎತ್ತರದ ಅಂಚಿನ ಪೈರು ಅಷ್ಟರಲ್ಲಿ ಜೊಳ್ಳಾಗಿತ್ತು, ಸುಟ್ಟ ಜಾಗ ಬೋಳಾಗಿಯೇ ಉಳಿಯಿತು. ಮಿಕ್ಕದ್ದು ಕಾಳು ಕಟ್ಟಿತು. ನೋಡೋಣ ಎಂದು ಕಾದವರ ಗದ್ದೆಗಳಲ್ಲಿ ದುಂಡುಗಳು ಒಂದಕ್ಕೊಂದು ಕೂಡಿ ಇಡೀ ಮಡಿ ಕಂದಾಗಿತ್ತು.

ಸುಗ್ಗಿಗೆ ಶರಣಮ್ಮನ ಗಂಡ ಹಟ್ಟಿಯಿಂದ ಬಂದು ರಾಶಿ ನೋಡಿದ, ಕ್ವಾರ್ಟರ್ಸಿನ ಮಾತು ಎತ್ತಲಿಲ್ಲ. ನಾನು ಕಣಕ್ಕೆ ಹೋದಾಗ ಅಮರಪ್ಪ ನಕ್ಕರು. "ಅವತ್ತು ನಾ ಎದ್ದಿದ್ದು ನಿಮ್ಮ ಮಾತಿಗಲ್ರಿ ಸಾಹೇಬ್ರ, ಸೊಸಿ ಮಾತಿಗೆ."

ಅವರು ಹೇಳಿದ್ದು ಸರಿ. ಆಮೇಲೆ ಲಿಂಗಸುಗೂರು, ಮಸ್ಕಿ ಎಂದು ನಾನು ಎಲ್ಲೆಲ್ಲೋ ಕೆಲಸ ಮಾಡಿದೆ. ಮದ್ದು ಹೇಳಿದ ಮೇಲೆ ರೈತನಿಗೆ "ಈಗ ಏನು ಮಾಡ್ತೀರಿ, ನನ್ನೆದುರು ಮಾಡಿ ತೋರಿಸಿ" ಎನ್ನುವುದನ್ನು ನಿವೃತ್ತಿಯ ತನಕ ಬಿಡಲಿಲ್ಲ. ನನ್ನ ಸಲಹೆ ಕೆಟ್ಟರೂ ನನ್ನ ಸಂಬಳ ತಿಂಗಳ ಮೊದಲಿಗೆ ಬರುತ್ತಿತ್ತು. ಬದು ಕಡಿದವಳು ತಾನು ಬದುಕಬೇಕೆಂದಿದ್ದ ಊರನ್ನೇ ಪಣಕ್ಕೆ ಇಟ್ಟಿದ್ದಳು. ಅಂಥವರ ಪಕ್ಕದಲ್ಲಿ ನೀರು ಬರುವ ತನಕ ಕೂತಿರುವುದೂ ನನ್ನ ಕೆಲಸವೇ ಎಂದು ಆ ಬದುವಿನ ಮೇಲೆ ಕಲಿತೆ.