ಜರಿಮರದ ಮೈಗೆ ನೀರು

ಇದನ್ನು ಹೇಳಲು ಹೊರಟು ಎಷ್ಟೋ ಸಲ ಸುಮ್ಮನಾಗಿದ್ದೇನೆ.

ಎಂಬತ್ತರ ದಶಕದಲ್ಲಿ ಪುಣೆಯ ಕಾಲೇಜೊಂದರ ತೋಟದಲ್ಲಿ ಮಾಲಿಯಾಗಿದ್ದೆ. ಸಸ್ಯಶಾಸ್ತ್ರ ಕಲಿಸುತ್ತಿದ್ದ ಅಕ್ಕೋರು ಧಾರವಾಡದ ಕಡೆಯವರು. ಘಟ್ಟದ ಹಳ್ಳಗಳ ನೆರಳಲ್ಲಿ, ಜರಿಗಿಡವೇ ಮರವಾದಂತೆ ಬೆಳೆಯುವ ಜರಿಮರವೊಂದನ್ನು ತಂದು, ನಮ್ಮ ಒಣ ಬಿಸಿಲಲ್ಲಿ ಚಪ್ಪರ ಹಾಕಿಸಿ ಸಾಕಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯ ನೀರಿನ ಝಾರಿಯನ್ನು ಮೇಲೆತ್ತಿ, "ಬುಡಕ್ಕಲ್ರೀ, ಮೈಗೆ ಹಾಕ್ರಿ" ಎನ್ನುತ್ತಿದ್ದರು.

ಒಮ್ಮೆ ದೊಡ್ಡವರು ತೋಟ ನೋಡಲು ಬರುವವರಿದ್ದರು. ಕಾಂಡದ ತುಂಬ ಇದ್ದ ಕಪ್ಪು ನಾರು ನನಗೆ ಕಸದಂತೆ ಕಂಡಿತು. ಕುಡುಗೋಲಿನಿಂದ ಕೆರೆದು ನುಣ್ಣಗೆ ಮಾಡಿದೆ. ಆ ನಾರೇ ನೀರು ಕುಡಿಯುವ ಬೇರು. ಎಲೆಗಳೆಲ್ಲ ಜೋತುಬಿದ್ದವು. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿ ಗದರಿದಾಗ, ಕೆಲಸ ಹೋದೀತೆಂಬ ಹೆದರಿಕೆಯಲ್ಲಿ, ಅಕ್ಕೋರೇ ಕೆರೆಯಲು ಹೇಳಿದರೆಂದುಬಿಟ್ಟೆ. ಅವರು ನನ್ನನ್ನೊಮ್ಮೆ ನೋಡಿ, ಹೌದು, ತಾನೇ ಹೇಳಿದ್ದೆಂದರು. ತೋಟದ ಉಸ್ತುವಾರಿ ಅವರ ಕೈತಪ್ಪಿತು.

ಹೊರಗೆ ಬಂದು ನನಗೆ ಅಂದದ್ದು ಇಷ್ಟೆ: "ಗೋಣಿತಾಟು ತರ್ರಿ. ಇನ್ನೂ ಜೀವ ಅದ ಇದರಾಗ."

ಕಾಂಡಕ್ಕೆ ಗೋಣಿ ಸುತ್ತಿದೆವು. ದಿನಾ ಪಾಠಕ್ಕೆ ಮೊದಲು ಬಂದು, ಪಕ್ಕದಲ್ಲಿ ನಿಂತು ನನ್ನಿಂದ ಗೋಣಿಗೆ ನೀರು ಹಾಕಿಸುತ್ತಿದ್ದರು. ಮಳೆಗಾಲದ ಹೊತ್ತಿಗೆ ನೆತ್ತಿಯಲ್ಲಿ ಹೊಸ ಚಿಗುರು ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಎದ್ದಿತು. ಅಕ್ಕೋರು ಹುಡುಗ ಹುಡುಗಿಯರನ್ನೆಲ್ಲ ಕರೆತಂದರು. ಹೂವು, ಬೀಜ ಯಾವುದೂ ಇಲ್ಲದೆ ಎಲೆಯಡಿಯ ಪುಡಿಯಿಂದಲೇ ವಂಶ ಬೆಳೆಸುವ ಮರ ಇದು ಎಂದು ವಿವರಿಸಿ, ನನ್ನತ್ತ ಕೈತೋರಿಸಿ ಮರಾಠಿಯಲ್ಲಿ ಹೇಳಿದರು, "ಇದನ್ನು ಉಳಿಸಿದ್ದು ಈ ಮಾಮಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಝಾರಿ ಹಿಡಿದು ಎದೆಯುಬ್ಬಿಸಿ ನಿಂತೆ. ಆ ಹೆಮ್ಮೆ ಇಂದಿಗೂ ಇಳಿದಿಲ್ಲ. ತಪ್ಪಾಯಿತೆಂದು ಮಾತ್ರ ಅವರಿಗೆ ಹೇಳಲೇ ಇಲ್ಲ. ಅವರ ಹೆಸರು ನಾಲಿಗೆಯ ತುದಿಯಲ್ಲೇ ಇದೆ. ಅದನ್ನು ಹೇಳುವ ಮುಖ ನನಗಿಲ್ಲ.