ಒಣಮೀನಿನ ದಾರಿ

ಗಂಗೊಳ್ಳಿಯ ಸೀತು ಮದುವೆಯಾದ ವರ್ಷದಿಂದಲೇ ಒಣಮೀನಿನ ಬುಟ್ಟಿ ಹೊತ್ತು ಘಟ್ಟ ಹತ್ತಿದವಳು. ಆಗ ಜೊತೆಗೆ ನಾಲ್ಕೈದು ಹೆಂಗಸರಿರುತ್ತಿದ್ದರು. ಮೇಲಿನ ಊರುಗಳಿಗೆ ಮೀನಿನ ವ್ಯಾನು ಹೋಗತೊಡಗಿದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಸೀತುವೂ ಬಿಟ್ಟಳು. ಈಗ ಬೈಂದೂರಿನ ಪೇಟೆಯಲ್ಲಿ ಕೂತು ಮಾರುತ್ತಾಳೆ.

ಯಡ್ತರೆಯಲ್ಲಿ ಹೋಂಸ್ಟೇ ನಡೆಸುವ ರವಿರಾಜ್ ಒಂದು ದಿನ ಅವಳ ಬುಟ್ಟಿಯೆದುರು ಬಂದು ಕುಕ್ಕರಗಾಲಲ್ಲಿ ಕೂತ.

"ಸೀತಕ್ಕ, ಆ ಹಳೇ ಘಟ್ಟದ್ ದಾರಿ ಈಗ್ಲೂ ಇತ್ತಾ? ಚಾರಣದವ್ರ್ ಕೇಂತಿದ್ರ್. ಜನ ಕರ್ಕಂಡ್ ಹೋಯ್ಲಕ್ಕಾ ಅಂದೇಳಿ ಕಾಣ್ಕಲೆ."

"ನಾ ಕಂಡ್ಕಂಡ್ ಬತ್ತೆ" ಎಂದಳು ಸೀತು, ನೋಡಿ ಬರಲು ಅವನು ಕೇಳುವ ಮೊದಲೇ.

ಮರುದಿನ ಬೆಳಿಗ್ಗೆ ಬೈಕಿನಲ್ಲಿ ಘಟ್ಟದ ಬುಡಕ್ಕೆ ಬಿಟ್ಟವನು ಅನುಮಾನಿಸಿದ. "ಒಬ್ರೇ ಹೋತ್ರಿಯಾ? ನಾಳೆ ಆಳ್ ಕಳಿಸ್ತೆ."

"ಬೇಡ ಮಗಾ. ನಾ ನಿಧಾನ ಹತ್ತತೆ."

ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿಯೇ ಇದ್ದವು. ತರಗೆಲೆ ಸರಿಸಿದರೆ ಕಲ್ಲು ಸಿಗುತ್ತಿತ್ತು. ಮುಂದೆ ಬಿದಿರು ಅಡ್ಡ ಬಿದ್ದಿತ್ತು. ಕತ್ತಿಯಿಂದ ಕಡಿದು ನುಸುಳಿದಳು. ಹಿಂದೆ ಬರುವವರು ದಾರಿ ತಪ್ಪದಿರಲೆಂದು ತಿರುವುಗಳಲ್ಲಿ ಕೂಗುವುದು ಹಳೆಯ ಅಭ್ಯಾಸ. "ಹ್ವಾಯ್!" ಎಂದು ಕೂಗಿಯೇಬಿಟ್ಟಳು. ನಾಚಿಕೆಯಾಗಿ ಸುತ್ತ ನೋಡಿದಳು. ನಗುವವರೂ ಇರಲಿಲ್ಲ.

ತೊರೆ ದಾಟುವಲ್ಲಿ ದಾರಿಯೇ ಇಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು, ಮರಗಳ ಸಮೇತ ಕೆಂಪು ಮಣ್ಣು ಕೆಳಗಿಳಿದಿತ್ತು. ಕಾಲಿಟ್ಟಲ್ಲಿ ಕುಸಿಯುತ್ತಿತ್ತು. ರವಿರಾಜನಿಗೆ ಹೇಳಲು ಇಷ್ಟೇ ಸಾಕಿತ್ತು, ಅಲ್ಲಿಂದಲೇ ತಿರುಗಬಹುದಿತ್ತು. ಆದರೆ ಮೇಲೆ ಉಮಾವತಿಯ ಮನೆಯಿತ್ತು. ಹಿಂದೊಮ್ಮೆ ಜ್ವರದಲ್ಲಿ ನಡುಗುತ್ತ ಬಂದ ಸೀತುವನ್ನು ಜಗಲಿಯಲ್ಲಿ ಮಲಗಿಸಿ, ಎದ್ದು ನಡೆಯುವವರೆಗೆ ಗಂಜಿ ಕೊಟ್ಟವಳು ಆಕೆ. ಸೀತು ತೊರೆಯ ಬಂಡೆಗಳಿಗೆ ಇಳಿದು, ಬೇರು ಹಿಡಿದು, ಮೊಣಕಾಲು ತರಚಿಕೊಂಡು ಆಚೆ ಹತ್ತಿದಳು.

ಮನೆಯಿಂದ ಹೊರಬಂದದ್ದು ಉಮಾವತಿಯ ಸೊಸೆ ಪ್ರಣೀತಾ. ಸೀತು ಉಮಾವತಿಯನ್ನು ವಿಚಾರಿಸಿದಳು.

"ಅತ್ತೆ ಹೋಗಿ ಎರಡು ವರ್ಷ ಆಯ್ತಲ್ಲ! ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು? ಆ ದಾರಿಯಲ್ಲಿ ಯಾರೂ ಇಳಿದಿರಲಿಲ್ಲ. ಪ್ರಣೀತಾ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟಳು. ತುಸು ಹೊತ್ತಾದ ಮೇಲೆ ಸೀತು ಮೆಲ್ಲಗೆ, "ಮೀನಿನ್ ಸೀತು ಅಂದೇಳಿ, ನನ್ ಸುದ್ದಿ ಏನಾರೂ ಹೇಳ್ತಿದ್ರಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಜ್ಜಿ. ನಾನು ಮದುವೆಯಾಗಿ ಬರುವಾಗಲೇ ಅವರಿಗೆ ಮಾತು ನಿಂತಿತ್ತು."

ಪ್ರಣೀತಾಳ ಗಂಡ ಅವಳನ್ನು ಬಸ್ಸಿಗೆ ಹತ್ತಿಸಿದ. ಸುತ್ತುದಾರಿಯ ಘಾಟಿಯುದ್ದಕ್ಕೂ ಸೀತು ಕಿಟಕಿಗೆ ತಲೆಯೊರಗಿಸಿ ಕೂತಿದ್ದಳು. ಪಕ್ಕದ ಹುಡುಗಿ ಊರು ಯಾವುದೆಂದು ಕೇಳಿದ್ದು ಕಿವಿಗೆ ಬೀಳಲಿಲ್ಲ.

ಮರುದಿನ ರವಿರಾಜ್ ಪೇಟೆಗೆ ಬಂದ.

"ಜನ ಕರ್ಕಂಡ್ ಹೋಪ್ದ್ ಬೇಡ" ಎಂದಳು ಸೀತು. "ತೊರೆ ಹತ್ರ ಗುಡ್ಡಿ ಜರ್ದಿತ್ತ್. ಇನ್ನೊಂದ್ ಮಳೆ ಬಂದ್ರೆ ಉಳ್ದದ್ದೂ ಬೀಳತ್ತ್."

"ಹಗ್ಗ ಕಟ್ರೆ?"

"ಯಾವ್ದಕ್ಕ್ ಕಟ್ತೆ? ಮರವೇ ಇಲ್ಲೆ."

"ಆಯ್ತ್, ಹಂಗಾರೆ ಬಿಡುವ."

ಅವನು ಏಳುವಾಗ ಸೀತು ಹೇಳಿದಳು: "ಮೇಲಿನ್ ಉಮಾವತಮ್ಮ ತೀರ್ಕಂಡ್ರಂಬ್ರ್."

"ಯಾರ್ ಅದ್?"

ಅವಳು ಹೇಳಬೇಕೆನ್ನುವಷ್ಟರಲ್ಲಿ ಅವನಿಗೆ ಫೋನು ಬಂತು. ಮಾತಾಡುತ್ತಲೇ ಬೈಕಿನತ್ತ ನಡೆದ. ಸೀತು ಒಣಸಿಗಡಿಯ ರಾಶಿಯನ್ನು ಮತ್ತೆ ಮತ್ತೆ ಒಟ್ಟುಮಾಡುತ್ತ ಕೂತಳು.